ಕೆಆರ್‌ಎಸ್ ತುಂಬದ ವರ್ಷ ನಾವು ಕರೆಂಟ್ ಮಾರ್ಕೆಟ್‌ಗೆ ಹೋದಾಗ: 2023ರ ಒಂದು ಪ್ರಕರಣ ಅಧ್ಯಯನ

2023ರ ಆಗಸ್ಟ್ ಇಡೀ ದೇಶಕ್ಕೇ ಒಣ ಆಗಸ್ಟ್, 1901ರಿಂದ ಲೆಕ್ಕ ಇಟ್ಟಿರೋದ್ರಲ್ಲಿ ಅಷ್ಟು ಕಮ್ಮಿ ಮಳೆಯ ಆಗಸ್ಟ್ ಇನ್ನೊಂದಿಲ್ಲ ಅಂತ ಹವಾಮಾನ ಇಲಾಖೆಯೇ ಹೇಳ್ತು. ಮಂಡ್ಯದವರಿಗೆ ಅದನ್ನ ಯಾರೂ ಹೇಳ್ಬೇಕಾಗಿರ್ಲಿಲ್ಲ. ಕೆಆರ್‌ಎಸ್ 124.80 ಅಡಿ ಮುಟ್ಟಲೇ ಇಲ್ಲ, ಇದ್ದಷ್ಟು ನೀರಲ್ಲೇ ತಮಿಳುನಾಡಿಗೆ ಬಿಡಿ ಅಂತ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶ ಬಂತು, ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯ್ತು, 29ಕ್ಕೆ ಕರ್ನಾಟಕ ಬಂದ್ ಆಯ್ತು. ಪೇಪರ್, ಟಿವಿ ಎಲ್ಲಾ ಕಡೆ ನೀರಿನ ಸುದ್ದಿನೇ. ಅದೇ ಹೊತ್ತಲ್ಲಿ ಕರೆಂಟಿಂದೂ ಒಂದು ದೊಡ್ಡ ಬಿಕ್ಕಟ್ಟು ಬೆಳೀತಾ ಇತ್ತು, ಅದರ ಬಗ್ಗೆ ಆಮೇಲೆ ಅಷ್ಟಾಗಿ ಯಾರೂ ಕೂತು ಬರೆದಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಪ್ರಶ್ನೆ ಇಷ್ಟು. ಕರೆಂಟನ್ನ ಪೈಪೋಟಿಯ ಮಾರುಕಟ್ಟೆಲಿ ಕೊಳ್ಳೋದು ಮಾರೋದು ಸಾಧ್ಯ ಆಗ್ಬೇಕು ಅಂತ ನಮ್ಮ ದೇಶ ಸುಮಾರು 25 ವರ್ಷ ತಯಾರಿ ಮಾಡ್ಕೊಂಡು ಬಂದಿದೆ. ಕಾನೂನು ಬಂತು, ದರ ನೋಡ್ಕೊಳ್ಳೋ ಆಯೋಗ ಬಂತು, ಕರೆಂಟ್ ಹರಾಜು ಹಾಕೋ ಎಕ್ಸ್‌ಚೇಂಜ್ ಬಂತು, ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಗ್ರಿಡ್ ಆಯ್ತು. ಹಂಗಿದ್ಮೇಲೆ ನಿಜವಾಗ್ಲೂ ಕರೆಂಟಿಗೆ ಬರ ಬಂದ ವರ್ಷ ಕರ್ನಾಟಕ ಆ ಮಾರುಕಟ್ಟೆ ಮೇಲೆ ಯಾಕೆ ಭಾರ ಹಾಕ್ಲಿಲ್ಲ? ಯಾಕೆ ಒಂದು ಆದೇಶ ಹೊರಡಿಸಿ ರಾಜ್ಯದ ಖಾಸಗಿ ಉತ್ಪಾದಕರ ಕರೆಂಟನ್ನೆಲ್ಲ ಒಳಗೇ ಇಟ್ಕೊಂಡ್ತು, ಯಾಕೆ ಉತ್ತರಪ್ರದೇಶ ಪಂಜಾಬಿನಿಂದ ಕೈಗಡ ತಂತು? ನನಗೆ ಸಿಕ್ಕ ಉತ್ತರ ಮೈಸೂರು ಮಂಡ್ಯ ಕಡೆಯ ಪಂಪ್‌ಸೆಟ್ ಫೀಡರ್‌ಗಳಲ್ಲೇ, ಅಂದ್ರೆ ಸಬ್‌ಸ್ಟೇಷನ್‌ನಿಂದ ಪಂಪುಗಳಿಗೆ ಹೋಗೋ ಲೈನುಗಳಲ್ಲೇ ಇದೆ.

ಅವತ್ತು ಆಗಿದ್ದೇನು

ಮಾಮೂಲಿ ವರ್ಷ ಆಗಸ್ಟ್ ಅಂದ್ರೆ ರಾಜ್ಯದಲ್ಲಿ ಕರೆಂಟ್ ಬೇಡಿಕೆ ಕೆಳಗಿಳಿಯೋ ತಿಂಗಳು. ಮಳೆ ಇರತ್ತೆ, ನಾಲೆಲಿ ನೀರಿರತ್ತೆ, ಬೋರ್‌ವೆಲ್ ಓಡ್ಸೋರು ಕಮ್ಮಿ, ಫ್ಯಾನ್ ಎಸಿನೂ ಕಮ್ಮಿ. ಲಿಂಗನಮಕ್ಕಿ, ಸೂಪಾ, ಮಾಣಿ ತುಂಬ್ತಾ ಇರ್ತವೆ, ಗಾಳಿ ಕರೆಂಟ್ ಜೋರಾಗಿ ಬರ್ತಿರತ್ತೆ, ಹಂಗಾಗಿ ರಾಯಚೂರು ಬಳ್ಳಾರಿ ಥರ್ಮಲ್ ಯೂನಿಟ್‌ಗಳನ್ನ ರಿಪೇರಿಗೆ ಅಂತ ನಿಲ್ಸೋ ಸೀಸನ್ನೂ ಅದೇ. 2023ರಲ್ಲಿ ಎಲ್ಲ ಉಲ್ಟಾ ಹೊಡೀತು. ಆಗಸ್ಟ್ ಕೊನೆಲಿ ರಾಜ್ಯದ ಬೇಡಿಕೆ 16 ಸಾವಿರ ಮೆಗಾವ್ಯಾಟ್ ದಾಟ್ತು, ಅದು ಮಾರ್ಚ್ ಏಪ್ರಿಲ್‌ನ ಉರಿ ಬೇಸಿಗೆಲಿ ನೋಡೋ ನಂಬರ್.

ಇಲ್ಲಿ ಒಂದು ವಿಷಯ ಸರಿಯಾಗಿ ಹಿಡ್ಕೋಬೇಕು, ಯಾಕಂದ್ರೆ ಇಡೀ ಪ್ರಕರಣ ಇದರ ಮೇಲೇ ನಿಂತಿದೆ. ನಮ್ಮಲ್ಲಿ ಮಳೆ ಕೈಕೊಟ್ರೆ ಎರಡು ಕಡೆಯಿಂದ ಏಟು ಬೀಳತ್ತೆ. ಡ್ಯಾಮ್ ಖಾಲಿ ಆದ್ರೆ ಅಗ್ಗದ ಹೈಡ್ರೋ ಕರೆಂಟ್ ಹೋಯ್ತು. ನಾಲೆ ಬತ್ತಿದ್ರೆ ಅದೇ ರೈತ ಬೋರ್‌ವೆಲ್‌ಗೆ ಹೋಗ್ತಾನೆ, ಬೇಡಿಕೆ ಏರತ್ತೆ. ವಿಶ್ವೇಶ್ವರಯ್ಯ ನಾಲೆ ಕೊನೆ ಭಾಗದ ಮದ್ದೂರು, ಮಳವಳ್ಳಿ ಕಡೆ ಹೋಗಿ ಕೇಳಿದ್ರೆ ಗೊತ್ತಾಗತ್ತೆ, ನಾಲೆ ನೀರು ಬಂದ್ರೆ ಮೋಟಾರ್ ಮುಟ್ಟೋದೇ ಇಲ್ಲ ಅನ್ನೋ ಗದ್ದೆಗಳಲ್ಲಿ ಆ ವರ್ಷ ಕಬ್ಬು ಉಳಿಸ್ಕೊಳ್ಳೋಕೆ ಕರೆಂಟ್ ಬಂದ ಹೊತ್ತೆಲ್ಲ ಮೋಟಾರ್ ಓಡಿದೆ. ಅಂದ್ರೆ ಪೂರೈಕೆ ಕಮ್ಮಿ ಆಗೋದೂ ಬೇಡಿಕೆ ಜಾಸ್ತಿ ಆಗೋದೂ ಬೇರೆ ಬೇರೆ ಕಾರಣಕ್ಕಲ್ಲ, ಒಂದೇ ಮೋಡ ಎರಡನ್ನೂ ತೀರ್ಮಾನ ಮಾಡತ್ತೆ. ಹೊರಗಿನ ಮಾರುಕಟ್ಟೆಯ ನಿಜವಾದ ಉಪಯೋಗ ಇರೋದು ಇಂಥ ವರ್ಷಕ್ಕೇ, ಬೇರೆ ಕಡೆ ಮಳೆ ಆಗಿರತ್ತೆ, ಕಲ್ಲಿದ್ದಲು ಇರತ್ತೆ, ಅಲ್ಲಿಂದ ತರಬಹುದು. ಕಷ್ಟ ಏನಾಯ್ತು ಅಂದ್ರೆ ಆ ಆಗಸ್ಟಲ್ಲಿ ಅರ್ಧ ದೇಶಕ್ಕೇ ಮಳೆ ಇರ್ಲಿಲ್ಲ, ಎಲ್ಲರೂ ಒಟ್ಟಿಗೆ ಮಾರ್ಕೆಟ್‌ಗೆ ಬಂದ್ರು, ಸಂಜೆ ಹೊತ್ತಿನ ರೇಟು ಮತ್ತೆ ಮತ್ತೆ ಹೋಗಿ ಯೂನಿಟ್‌ಗೆ 10 ರೂಪಾಯಿಯ ಮಿತಿಗೆ ತಗಲ್ತಿತ್ತು. ಆ ಮಿತಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಹಾಕಿದ್ದು, ಮೊದಲು 20 ಇತ್ತು, 2022ರಲ್ಲಿ 12ಕ್ಕೆ ಇಳಿಸಿದ್ರು, 2023ರಲ್ಲಿ 10ಕ್ಕೆ. ಮಿತಿ ಮುಟ್ಟಿದ ಮೇಲೆ ದುಡ್ಡು ಕೊಡ್ತೀನಿ ಅಂದ್ರೂ ಕೇಳಿದಷ್ಟು ಕರೆಂಟ್ ಸಿಗಲ್ಲ, ಇದ್ದದ್ದನ್ನ ಎಲ್ಲರಿಗೂ ಪಾಲು ಮಾಡಿ ಕೊಡ್ತಾರೆ ಅಷ್ಟೆ.

ದೇಶ ತಯಾರಾದ ಬಗೆ

ಹಿಂದಕ್ಕೆ ಹೋದ್ರೆ ನಮ್ಮ ಜಿಲ್ಲೆಯಿಂದಲೇ ಶುರು ಮಾಡ್ಬಹುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕರೆಂಟ್ ಕೊಟ್ರು, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆ ತಗೊಂಡ ಕೆಲಸ ಅದು. ಮಾರೋನು ಒಬ್ಬ, ಸಂಸ್ಥಾನದ ಸರ್ಕಾರ. ಕೊಳ್ಳೋರು ಕೋಲಾರದ ಗಣಿಯವರು ಮಾತ್ರ. ಲೆಕ್ಕ ಹಾರ್ಸ್‌ಪವರ್‌ಗೆ ವರ್ಷಕ್ಕೆ ಇಷ್ಟು ಅಂತ. ಬೆಂಗಳೂರಿಗೆ ದೀಪ ಬಂದದ್ದು 1905ಕ್ಕೆ, ಮೈಸೂರಿಗೆ 1908ಕ್ಕೆ. ಒಬ್ಬನೇ ಮಾರೋನು ಅನ್ನೋ ಆ ಪದ್ಧತಿ ಹೆಸರು ಬದಲಾಯಿಸ್ಕೊಂಡು ಹತ್ತಿರ ಹತ್ತಿರ ನೂರು ವರ್ಷ ನಡೀತು, 1957ರಿಂದ ಕೆಇಬಿ ಅನ್ನೋ ವಿದ್ಯುತ್ ಮಂಡಳಿ, ಉತ್ಪಾದನೆಗೆ 1970ರಲ್ಲಿ ಶುರುವಾದ ನಿಗಮ, ಅದೇ ಇವತ್ತಿನ ಕೆಪಿಸಿಎಲ್.

ಆ ಪದ್ಧತಿ ಒಡೆಯೋಕೆ ಶುರು ಆಗಿದ್ದು 90ರ ದಶಕದಲ್ಲಿ. 1991ರಲ್ಲಿ ಖಾಸಗಿಯವರು ಉತ್ಪಾದನೆ ಮಾಡ್ಬಹುದು ಅಂದ್ರು, 1998ರಲ್ಲಿ ದರ ಹೇಳೋ ಅಧಿಕಾರಾನ ಸರ್ಕಾರದ ಕೈಯಿಂದ ತಗೊಂಡು ಆಯೋಗಗಳಿಗೆ ಕೊಡೋ ಕಾಯ್ದೆ ಬಂತು, 2003ರಲ್ಲಿ ಹೊಸ ವಿದ್ಯುತ್ ಕಾಯ್ದೆ. 2003ರ ಕಾಯ್ದೆ ತುಂಬಾ ದೊಡ್ಡ ಕೆಲಸ ಮಾಡ್ತು. ಉತ್ಪಾದನೆಗೆ ಲೈಸೆನ್ಸ್ ಬೇಡ ಅಂತು, ಕರೆಂಟ್ ವ್ಯಾಪಾರ ಅನ್ನೋದನ್ನೇ ಒಂದು ಬೇರೆ ಚಟುವಟಿಕೆ ಅಂತ ಒಪ್ಕೊಂಡ್ತು, ಯಾರದೋ ಲೈನಲ್ಲಿ ಯಾರದೋ ಕರೆಂಟ್ ಬಾಡಿಗೆ ಕೊಟ್ಟು ಹರಿಸಬಹುದು ಅನ್ನೋ ಓಪನ್ ಆಕ್ಸೆಸ್ ಹಕ್ಕು ಕೊಡ್ತು.

ಆದ್ರೆ ನನ್ನ ಪ್ರಕಾರ ಮಾರುಕಟ್ಟೆಗೆ ನಿಜವಾದ ತಳಪಾಯ ಹಾಕಿದ್ದು ಕಾಯ್ದೆಗಿಂತ ಮೊದಲು ಬಂದ ಒಂದು ಬೋರಿಂಗ್ ಅನ್ನಿಸೋ ಸಂಗತಿ, ಎಬಿಟಿ (ಅವೈಲಬಿಲಿಟಿ ಬೇಸ್ಡ್ ಟ್ಯಾರಿಫ್) ಅನ್ನೋ ದರ ಪದ್ಧತಿ. ದಕ್ಷಿಣ ಗ್ರಿಡ್‌ಗೆ ಇದು 2003ರ ಜನವರಿ 1ಕ್ಕೆ ಜಾರಿ ಆಯ್ತು. ಅದಕ್ಕೂ ಮುಂಚೆ ರಾಜ್ಯಗಳು ಕೇಂದ್ರದ ಸ್ಥಾವರಗಳಿಂದ ತಮಗೆ ಬೇಕಾದಷ್ಟು ಎಳ್ಕೋತಿದ್ವು, ಹಂಗೆ ಜಾಸ್ತಿ ಎಳೆದಾಗ ಇಳಿಯೋ ಗ್ರಿಡ್ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ 48ಕ್ಕೆ ಬಂದು ಒದ್ದಾಡ್ತಿದ್ರೂ ಯಾರಿಗೂ ಬಿಸಿ ತಟ್ಟುತ್ತಿರ್ಲಿಲ್ಲ. ಎಬಿಟಿ ಬಂದ್ಮೇಲೆ ಪ್ರತಿ 15 ನಿಮಿಷಕ್ಕೆ ನೀನು ಎಷ್ಟು ತಗೋತೀಯ ಅಂತ ಹಿಂದಿನ ದಿನವೇ ಬರೆದು ಕೊಡು, ಜಾಸ್ತಿ ಎಳೆದ್ರೆ ಆ ಹೊತ್ತಿನ ಫ್ರೀಕ್ವೆನ್ಸಿ ನೋಡ್ಕೊಂಡು ದುಡ್ಡು ಕಟ್ಟು ಅಂತ ಆಯ್ತು. ದಿನಕ್ಕೆ 96 ತುಂಡು, ಒಂದೊಂದು ತುಂಡಿಗೂ ಲೆಕ್ಕ, ಎರಡೂ ಕಡೆ ನಂಬೋಂಥ ಮೀಟರ್. ಅಳತೆ ಇಲ್ಲದೆ ವ್ಯಾಪಾರ ಇಲ್ಲ ಅನ್ನೋದನ್ನ ರಾಷ್ಟ್ರ ಮಟ್ಟದಲ್ಲಿ ಅವತ್ತೇ ಸರಿಯಾಗಿ ಅರ್ಥ ಮಾಡ್ಕೊಂಡಿದ್ರು, ಈ ಮಾತು ಮುಂದೆ ಮತ್ತೆ ಬೇಕಾಗತ್ತೆ.

ಆಮೇಲೆ 2008ರಲ್ಲಿ ಎರಡು ಎಕ್ಸ್‌ಚೇಂಜ್ ಶುರು ಆದ್ವು, ಐಇಎಕ್ಸ್ ಮತ್ತೆ ಪಿಎಕ್ಸ್‌ಐಎಲ್. ಮಂಡ್ಯ ಎಪಿಎಂಸಿಲಿ ಬೆಲ್ಲದ ಹರಾಜು ನೋಡಿದವರಿಗೆ ಅರ್ಧ ಗೊತ್ತಾಗತ್ತೆ, ವ್ಯತ್ಯಾಸ ಏನಂದ್ರೆ ಇಲ್ಲಿ ಯಾರೂ ಎದುರು ಬದುರು ಕೂಗಲ್ಲ, ಬೆಳಿಗ್ಗೆ 10ರಿಂದ 12ರ ಒಳಗೆ ಮಾರೋರೂ ಕೊಳ್ಳೋರೂ ನಾಳೆಯ ಒಂದೊಂದು 15 ನಿಮಿಷಕ್ಕೂ ಮುಚ್ಚಿದ ಬಿಡ್ ಹಾಕ್ತಾರೆ, ಎರಡು ಗೆರೆ ಎಲ್ಲಿ ಸೇರತ್ತೋ ಅದೇ ಎಲ್ಲರಿಗೂ ರೇಟು, ಮತ್ತೆ ಇವತ್ತಿನ ಬೆಲ್ಲ ಮಾರಾಟ ಆಗ್ಲಿಲ್ಲ ಅಂದ್ರೆ ನಾಳೆಗೆ ಇಡಬಹುದು, ಕರೆಂಟ್ ಹಂಗೆ ಇಡಕ್ಕಾಗಲ್ಲ. 2020ರ ಜೂನ್‌ನಿಂದ ರಿಯಲ್ ಟೈಮ್ ಮಾರ್ಕೆಟ್ಟೂ ಬಂತು, ಅರ್ಧ ಗಂಟೆಗೊಂದು ಹರಾಜು.

ದಕ್ಷಿಣದವರಿಗೆ ಇನ್ನೊಂದು ತೊಡಕು ಇತ್ತು. 2013ರ ಕೊನೆವರೆಗೂ ನಮ್ಮ ಗ್ರಿಡ್ ಉತ್ತರದ ಗ್ರಿಡ್ ಜೊತೆ ಪೂರ್ತಿ ಬೆಸೆದಿರ್ಲಿಲ್ಲ, 2012ರ ಜುಲೈ 30, 31ರಂದು ಉತ್ತರದಲ್ಲಿ ಕೋಟ್ಯಂತರ ಜನ ಕತ್ತಲಲ್ಲಿ ಕೂತಾಗ ನಮಗೆ ಏನೂ ಆಗ್ಲಿಲ್ಲ, ಅದು ಅದರ ಲಾಭ. ನಷ್ಟ ಏನಂದ್ರೆ ಅಲ್ಲಿ ಕರೆಂಟ್ ಅಗ್ಗ ಇದ್ರೂ ಇಲ್ಲಿಗೆ ತರೋ ದಾರಿ ಕಿರಿದು, ಎಕ್ಸ್‌ಚೇಂಜಲ್ಲಿ ದಕ್ಷಿಣದ ರೇಟು ಬೇರೆಯಾಗಿ ಮೇಲೆ ಹೋಗ್ತಿತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು ಸೊಲ್ಲಾಪುರ ನಡುವಿನ 765 ಕೆವಿ ಲೈನ್ ಚಾರ್ಜ್ ಮಾಡಿ ಬೆಸೆದ ಮೇಲೆ ಲೈನುಗಳು ಹೆಚ್ಚಾಗ್ತಾ ಹೆಚ್ಚಾಗ್ತಾ ಆ ವ್ಯತ್ಯಾಸ ಕರಗಿತು. ಅಷ್ಟರ ಮಟ್ಟಿಗೆ 2023ರ ಬರಗಾಲಕ್ಕೆ ದೇಶದ ರಸ್ತೆ ರೆಡಿ ಇತ್ತು ಅಂತ ಧೈರ್ಯವಾಗಿ ಹೇಳ್ಬಹುದು.

ಎಲ್ಲಾ ಕರೆಂಟೂ ಈ ಹರಾಜಲ್ಲೇ ಹೋಗತ್ತೆ ಅಂತ ಅಂದ್ಕೋಬೇಡಿ. ದೇಶದ ಬಹುಪಾಲು ಕರೆಂಟ್ ಈಗ್ಲೂ 25 ವರ್ಷದ ಒಪ್ಪಂದಗಳಲ್ಲೇ ಹರಿಯತ್ತೆ, ಮಾರ್ಕೆಟ್ ಪಾಲು ಸಣ್ಣದು. ಇದರಲ್ಲಿ ಒಂದು ಜಾಣತನನೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಿತರಣಾ ಕಂಪನಿಗಳು ಹೆಚ್ಚುಕಮ್ಮಿ ಪೂರ್ತಿ ದಿನದ ಮಾರ್ಕೆಟ್ಟಲ್ಲೇ ಕೊಳ್ಳೋ ಹಾಗೆ ಮಾಡಿ, ಗ್ರಾಹಕನ ದರ ಮಾತ್ರ ಕಟ್ಟಿಹಾಕಿದ್ರು, 2000-01ರಲ್ಲಿ ಸಗಟು ರೇಟು ಆಕಾಶಕ್ಕೆ ಹೋದಾಗ ಅಲ್ಲಿನ ದೊಡ್ಡ ಕಂಪನಿ ಪಿಜಿ ಅಂಡ್ ಇ ದಿವಾಳಿ ಅರ್ಜಿ ಹಾಕ್ತು. ಕೊಳ್ಳೋ ಬೆಲೆ ಬಿಟ್ಟು ಮಾರೋ ಬೆಲೆ ಕಟ್ಟಿದ್ರೆ ಮಧ್ಯದಲ್ಲಿ ಇರೋನು ಸಾಯ್ತಾನೆ. ನಮ್ಮಲ್ಲಿ ಮಧ್ಯದಲ್ಲಿ ಇರೋರು ಎಸ್ಕಾಂಗಳು, ಅಂದ್ರೆ ಕರೆಂಟ್ ಕೊಂಡು ಗ್ರಾಹಕರಿಗೆ ಹಂಚೋ ಸರ್ಕಾರಿ ಕಂಪನಿಗಳು.

ರಾಜ್ಯದ ತಯಾರಿ ಎಲ್ಲಿ ನಿಂತ್ಕೊಂಡ್ತು

ಕರ್ನಾಟಕ ಸುಧಾರಣೆಲಿ ಹಿಂದೆ ಬಿದ್ದ ರಾಜ್ಯ ಅಲ್ಲವೇ ಅಲ್ಲ. 1999ರಲ್ಲೇ ಕೆಇಬಿ ಹೋಗಿ ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ನಿಗಮ) ಆಯ್ತು, ಅದೇ ವರ್ಷ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ಬಂತು, 2002ರ ಜೂನ್‌ನಲ್ಲಿ ವಿತರಣೆನ ನಾಲ್ಕು ಕಂಪನಿ ಮಾಡಿದ್ರು. ನಮ್ಮ ಕಡೆ ಆಗ ಮೆಸ್ಕಾಂ ಕೈಲಿತ್ತು, 2005ರ ಏಪ್ರಿಲ್‌ನಿಂದ ಮೈಸೂರನ್ನ ಕೇಂದ್ರ ಮಾಡ್ಕೊಂಡು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ನಾವು ಸೆಸ್ಕ್ ಅಂತೀವಿ, ಬೇರೆ ಆಯ್ತು. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ಹಾಸನ ಅದರ ಏರಿಯಾ. ಊರಲ್ಲಿ ಜನ ಇವತ್ತಿಗೂ ಕೆಇಬಿ ಅಂತಲೇ ಕರೀತಾರೆ.

ಕಾಗದದ ಮೇಲೆ ಐದೂ ಎಸ್ಕಾಂ ಸ್ವತಂತ್ರ ಕಂಪನಿಗಳು, ತಮ್ಮ ಕರೆಂಟ್ ತಾವೇ ಕೊಳ್ಳಬೇಕು. ಪ್ರಸರಣ ಕಂಪನಿ ವ್ಯಾಪಾರ ಮಾಡಂಗಿಲ್ಲ ಅಂತ 2003ರ ಕಾಯ್ದೆ ಹೇಳಿದ್ರಿಂದ ಕೆಪಿಟಿಸಿಎಲ್ ಕೈಲಿದ್ದ ಖರೀದಿ ಒಪ್ಪಂದಗಳು 2005ರಲ್ಲಿ ಎಸ್ಕಾಂಗಳಿಗೆ ಬಂದ್ವು. ಆದ್ರೆ ನಡೆದದ್ದು ಏನು? ಯಾವ ಸ್ಥಾವರದ ಕರೆಂಟಲ್ಲಿ ಯಾರಿಗೆ ಎಷ್ಟು ಪಾಲು ಅಂತ ವರ್ಷಾ ವರ್ಷಾ ಹಂಚೋದು ಸರ್ಕಾರ, ಹೊಸ ಖರೀದಿನ ಎಲ್ಲರ ಪರವಾಗಿ ನೋಡ್ಕೊಳ್ಳೋದು ಪಿಸಿಕೆಎಲ್ ಅಂತ ಒಂದು ಕಂಪನಿ. ಬೆಸ್ಕಾಂನಲ್ಲಿ ದುಡ್ಡು ಕೊಡೋ ಕಂಪನಿಗಳೂ ಮಾಲ್‌ಗಳೂ ಜಾಸ್ತಿ, ಅವರಿಗೆ ದುಬಾರಿ ಕರೆಂಟ್ ಜಾಸ್ತಿ ಹಾಕ್ತಾರೆ. ಸೆಸ್ಕ್, ಹೆಸ್ಕಾಂ, ಜೆಸ್ಕಾಂನಲ್ಲಿ ಪಂಪ್‌ಸೆಟ್ ಜಾಸ್ತಿ, ಅವರಿಗೆ ಶರಾವತಿಯ ಅಗ್ಗದ ಕರೆಂಟ್ ಪಾಲು ಜಾಸ್ತಿ. ರಾಜ್ಯದಲ್ಲಿ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ದರ ಇರ್ಬೇಕು ಅನ್ನೋದೇ ಇದರ ಹಿಂದಿನ ಉದ್ದೇಶ, ಅದು ಕೆಟ್ಟ ಉದ್ದೇಶ ಅಂತ ನಾನು ಹೇಳಲ್ಲ, ಮಂಡ್ಯದ ಮನೆಯೋನು ಬೆಂಗಳೂರಿನವನಿಗಿಂತ ಜಾಸ್ತಿ ಯಾಕೆ ಕಟ್ಬೇಕು? ಆದ್ರೆ ಇದರ ಪರಿಣಾಮ ಏನಂದ್ರೆ ಮೈಸೂರಿನ ಕಂಪನಿ ಚೆನ್ನಾಗಿ ಅಂದಾಜು ಮಾಡಿ ಅಗ್ಗಕ್ಕೆ ಕೊಂಡ್ರೂ ಅದರ ಲಾಭ ಅದಕ್ಕೆ ಸಿಗೋ ಖಾತ್ರಿ ಇಲ್ಲ, ತಪ್ಪು ಮಾಡಿದ್ರೂ ಏಟು ಅದಕ್ಕೇ ಬೀಳತ್ತೆ ಅಂತಿಲ್ಲ. ಮಾರುಕಟ್ಟೆಲಿ ಕೊಳ್ಳೋನಿಗೆ ತನ್ನ ಜೇಬಿನ ಅರಿವು ಇರ್ಬೇಕು, ಇಲ್ಲಿ ಜೇಬೇ ಐವರದ್ದೂ ಸೇರ್ಕೊಂಡಿದೆ.

ಇನ್ನು ಪಾವತಿ ಶಿಸ್ತು. ಉತ್ಪಾದಕರಿಗೆ ಬಾಕಿ ಉಳಿಸ್ಕೊಂಡ ವಿತರಣಾ ಕಂಪನಿಗಳು ಎಕ್ಸ್‌ಚೇಂಜಲ್ಲಿ ಕೊಳ್ಳಂಗಿಲ್ಲ ಅಂತ ಕೇಂದ್ರ 2022ರಲ್ಲಿ ನಿಯಮ ತಂತು, ಅದೇ ವರ್ಷದ ಆಗಸ್ಟಲ್ಲಿ 13 ರಾಜ್ಯಗಳ ಕಂಪನಿಗಳನ್ನ ತಡೆಯೋಕೆ ಎಕ್ಸ್‌ಚೇಂಜುಗಳಿಗೆ ಸೂಚನೆ ಹೋಯ್ತು, ಆ ಪಟ್ಟಿಲಿ ಕರ್ನಾಟಕನೂ ಇತ್ತು. ಕಠಿಣ ಅನ್ನಿಸ್ಬಹುದು, ಆದ್ರೆ ಸರಿಯಾದ ನಿಯಮ. ಎಸ್ಕಾಂ ಯಾಕೆ ಬಾಕಿ ಉಳಿಸ್ಕೊಳತ್ತೆ ಅಂತ ಕೇಳಿದ್ರೆ ದಾರಿ ಸೀದಾ ನಮ್ಮ ಹೊಲಕ್ಕೇ ಬರತ್ತೆ.

ಫೀಡರ್ ಹತ್ರ ನಿಂತು ನೋಡಿದ್ರೆ

ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಐಪಿ ಸೆಟ್ (ನೀರಾವರಿ ಪಂಪ್) ಇವೆ, ಮಾರಾಟ ಆಗೋ ಕರೆಂಟಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅಲ್ಲಿಗೇ ಹೋಗತ್ತೆ. 10 ಎಚ್‌ಪಿವರೆಗೆ ರೈತನಿಗೆ ಉಚಿತ, ಆ ದುಡ್ಡು ಸರ್ಕಾರ ಎಸ್ಕಾಂಗೆ ಕೊಡ್ಬೇಕು. ಎಷ್ಟು ಯೂನಿಟ್ಟಿಗೆ ಕೊಡ್ಬೇಕು? ಅಲ್ಲೇ ಇರೋದು ಗಂಟು. ಹೆಚ್ಚಿನ ಪಂಪಿಗೆ ಮೀಟರ್ ಇಲ್ಲ. ಮೀಟರ್ ಇಲ್ಲದೆ ಯಾರಿಗೂ ಕರೆಂಟ್ ಕೊಡಬಾರ್ದು ಅಂತ 2003ರ ಕಾಯ್ದೆಯ ಸೆಕ್ಷನ್ 55 ಹೇಳತ್ತೆ, ಎರಡು ವರ್ಷದ ಗಡುವೂ ಇತ್ತು. ನಿರಂತರ ಜ್ಯೋತಿ ಯೋಜನೆಲಿ ಊರಿನ ಲೈನು ಬೇರೆ, ಪಂಪಿನ ಲೈನು ಬೇರೆ ಮಾಡಿದ್ಮೇಲೆ ಫೀಡರ್ ಬುಡದಲ್ಲಿ ಒಂದು ಮೀಟರ್ ಇದೆ, ಅದರ ರೀಡಿಂಗಲ್ಲಿ ಲೈನ್ ನಷ್ಟ ಕಳೆದು, ಉಳಿದದ್ದನ್ನ ಪಂಪುಗಳ ಸಂಖ್ಯೆಗೆ ಭಾಗಿಸಿ ಪಂಪೊಂದಕ್ಕೆ ಇಷ್ಟು ಅಂತ ಅಂದಾಜು ಮಾಡ್ತಾರೆ. ಮುಂಚೆಗಿಂತ ಎಷ್ಟೋ ವಾಸಿ, ಆದ್ರೂ ಅಂದಾಜೇ. ಕಳ್ಳತನ ಎಷ್ಟು, ನಷ್ಟ ಎಷ್ಟು, ರೈತ ಬಳಸಿದ್ದು ಎಷ್ಟು, ಮೂರೂ ಒಂದೇ ಗುಂಡಿಲಿ ಬಿದ್ದಿರತ್ತೆ.

ಒಂದು ಪಂಪಿನ ಲೆಕ್ಕ ಹಾಕೋಣ. 5 ಎಚ್‌ಪಿ ಮೋಟಾರ್ ಅಂದ್ರೆ 3.7 ಕಿಲೋವ್ಯಾಟ್ ಚಿಲ್ಲರೆ, ದಿನಕ್ಕೆ 7 ಗಂಟೆ ಪಂಪ್ ಓಡ್ಸೋ ತ್ರೀ ಫೇಸ್ ಕರೆಂಟ್ ಕೊಟ್ರೆ ಸುಮಾರು 26 ಯೂನಿಟ್. ಅದನ್ನ ಸಂಜೆ ಹೊತ್ತಿನ 10 ರೂಪಾಯಿ ರೇಟಲ್ಲಿ ಕೊಂಡು ಕೊಟ್ರೆ ಲೈನ್ ನಷ್ಟ ಬಿಟ್ಟೇ ದಿನಕ್ಕೆ 260 ರೂಪಾಯಿ, ತಿಂಗಳಿಗೆ ಏಳೆಂಟು ಸಾವಿರ, ಒಂದು ಪಂಪಿಗೆ. ಅದೇ 26 ಯೂನಿಟ್ಟನ್ನ ಬಿಸಿಲು ಹೊತ್ತಲ್ಲಿ ಸೋಲಾರ್ ಕರೆಂಟ್ ಅಗ್ಗಕ್ಕೆ ಸಿಗೋವಾಗ ಕೊಟ್ರೆ ಖರ್ಚು ಅರ್ಧಕ್ಕಿಂತ ಕೆಳಗೆ ಬರಬಹುದು. ರೈತನಿಗೂ ಹಗಲು ಕರೆಂಟೇ ಬೇಕು, ರಾತ್ರಿ ಎದ್ದು ಹಾವು ಚೇಳು ಮಧ್ಯೆ ಗದ್ದೆ ಬದುವಲ್ಲಿ ಓಡಾಡೋದು ಯಾರಿಗೆ ಬೇಕು. ಅಂದ್ರೆ ಮಾರ್ಕೆಟ್ ಹೇಳ್ತಿರೋದೂ ರೈತ ಕೇಳ್ತಿರೋದೂ ಒಂದೇ, ಮಧ್ಯದಲ್ಲಿ ಆ ಮಾತು ಮುಟ್ಟಿಸೋ ವ್ಯವಸ್ಥೆ ಇಲ್ಲ.

ಮಳವಳ್ಳಿ ಕಡೆಯ ಯಾವ ಪಂಪ್‌ಸೆಟ್ ಫೀಡರ್‌ನಾದ್ರೂ ತ್ರೀ ಫೇಸ್ ಬಿಡೋ ಹೊತ್ತಲ್ಲಿ ನೋಡಿ. ಹೆಚ್ಚಿನ ಬೋರ್‌ವೆಲ್‌ಗೆ ಆಟೋ ಸ್ಟಾರ್ಟರ್ ಹಾಕಿರ್ತಾರೆ, ಯಾಕಂದ್ರೆ ಕರೆಂಟ್ ಯಾವಾಗ ಬರತ್ತೆ ಅನ್ನೋದು ನಂಬಿಕೆ ಇಲ್ಲ. ಫೇಸ್ ಬಂದ ಕೂಡ್ಲೇ ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗಿನ ಮೋಟಾರ್ ಎಲ್ಲ ಒಟ್ಟಿಗೆ ಏಳ್ತವೆ, ವೋಲ್ಟೇಜ್ ಧಡ್ಡಂತ ಬೀಳತ್ತೆ, ಟಿಸಿ ಗುಂಯ್ ಅನ್ನೋ ಸದ್ದೇ ಬದಲಾಗತ್ತೆ, ಫ್ಯೂಸ್ ಹೋಗತ್ತೆ, ಲೈನ್‌ಮ್ಯಾನ್‌ಗೆ ಫೋನ್ ಮೇಲೆ ಫೋನ್. ಹತ್ತು ನಿಮಿಷದಲ್ಲಿ ರಾಜ್ಯದ ಲೋಡ್ ನೂರಾರು ಮೆಗಾವ್ಯಾಟ್ ಏರೋದು ಹಿಂಗೇ, ಒಂದು ಲಕ್ಷ 5 ಎಚ್‌ಪಿ ಪಂಪ್ ಒಟ್ಟಿಗೆ ಎದ್ರೆ 370 ಮೆಗಾವ್ಯಾಟ್. ಎಷ್ಟು ಪಂಪ್ ಏಳ್ತವೆ ಅನ್ನೋದು ನಾಲೆಲಿ ನೀರಿದೆಯೋ ಇಲ್ವೋ, ಹಿಂದಿನ ದಿನ ಹನಿ ಬಿದ್ದಿದೆಯೋ ಅನ್ನೋದರ ಮೇಲೆ ನಿಂತಿದೆ, ಅದು ಆ ಸೆಕ್ಷನ್ ಆಫೀಸಿನ ಲೈನ್‌ಮ್ಯಾನ್‌ಗೆ ಅಂಗೈ ಗೆರೆ ಥರ ಗೊತ್ತು. ಆದ್ರೆ ಹಿಂದಿನ ದಿನ ಬೆಳಿಗ್ಗೆ 10 ಗಂಟೆಗೆ ಬಿಡ್ ಹಾಕೋ ಟೇಬಲ್‌ಗೆ ಅವನ ಅರಿವು ಹೋಗೋ ದಾರಿನೇ ಇಲ್ಲ.

ಅಕ್ಟೋಬರ್‌ನ ತೀರ್ಮಾನಗಳು

ಇಷ್ಟೆಲ್ಲ ಹಿನ್ನೆಲೆ ಇಟ್ಕೊಂಡು 2023ರ ಅಕ್ಟೋಬರ್‌ಗೆ ಬನ್ನಿ. ಹೈಡ್ರೋ ನೀರನ್ನ ಬೇಸಿಗೆಗೆ ಉಳಿಸ್ಬೇಕು, ಥರ್ಮಲ್ ಯೂನಿಟ್‌ಗಳು ಪೂರ್ತಿ ಓಡ್ತಿಲ್ಲ, ಮಾರ್ಕೆಟ್ ಮಿತಿ ಮುಟ್ಟಿದೆ. ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಜಾರಿಲಿತ್ತು, 200 ಯೂನಿಟ್‌ವರೆಗೆ ಮನೆ ಬಿಲ್ ಸರ್ಕಾರದ್ದು, ಅಂದ್ರೆ ಪಂಪ್ ಜೊತೆಗೆ ಮನೆ ಕರೆಂಟಿನ ದೊಡ್ಡ ಪಾಲೂ ಬೆಲೆ ಕಾಣದ ಗುಂಪಿಗೆ ಸೇರಿತ್ತು. ಬೆಲೆ ಪೂರ್ತಿ ಕಾಣ್ತಿದ್ದದ್ದು ಕೈಗಾರಿಕೆ ಮತ್ತೆ ಅಂಗಡಿಯವರಿಗೆ. ಅವರಿಗೆ ಆ ವರ್ಷ ಜೂನಲ್ಲೇ ಬಿಲ್ ಏರಿಕೆ ಬಿಸಿ ತಟ್ಟಿತ್ತು, ಆಯೋಗ ಸರಾಸರಿ 70 ಪೈಸೆ ಏರಿಸಿದ್ದು ಏಪ್ರಿಲ್‌ನಿಂದಲೇ ಅನ್ವಯ ಆಗಿ, ಜೊತೆಗೆ ಇಂಧನ ಹೊಂದಾಣಿಕೆ ಶುಲ್ಕನೂ ಸೇರಿ ಬಂದಾಗ ಕೆಲವು ವಾಣಿಜ್ಯ ಸಂಘಟನೆಗಳು ಜೂನ್ 22ಕ್ಕೆ ಬಂದ್ ಕರೆದಿದ್ವು. ಇನ್ನೂ ಕೊಳ್ಳೋ ಖರ್ಚು ಏರಿದ್ರೆ ಅದು ನಂಜನಗೂಡು, ಹೆಬ್ಬಾಳು, ಕಡಕೊಳದ ಫ್ಯಾಕ್ಟರಿಗಳ ಬಿಲ್ಲಿಗೋ, ಇಲ್ಲಾ ಸರ್ಕಾರದ ಸಬ್ಸಿಡಿಗೋ ಹೋಗಿ ಕೂರಬೇಕು, ಮೂರನೇ ಜಾಗ ಇಲ್ಲ.

ಹಂಗಾಗಿ ಸರ್ಕಾರ ಮೂರು ಕೆಲಸ ಮಾಡ್ತು. ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿ ರಾಜ್ಯದೊಳಗಿನ ಉತ್ಪಾದಕರು ಕರೆಂಟನ್ನ ರಾಜ್ಯದ ಗ್ರಿಡ್‌ಗೇ ಕೊಡ್ಬೇಕು ಅಂತ ಆದೇಶ ಮಾಡ್ತು, ಅಸಾಧಾರಣ ಪರಿಸ್ಥಿತಿಲಿ ಹಂಗೆ ಹೇಳೋ ಅಧಿಕಾರ ಸರ್ಕಾರಕ್ಕೆ ಇದೆ, ಕರ್ನಾಟಕ ಅದನ್ನ ಹಿಂದೆಯೂ ಬಳಸಿತ್ತು. ಉತ್ತರಪ್ರದೇಶ, ಪಂಜಾಬ್ ಜೊತೆ ಬದಲಿ ಒಪ್ಪಂದ ಮಾಡ್ಕೊಂಡು ಚಳಿಗಾಲ ಬೇಸಿಗೆಲಿ ಅಲ್ಲಿಂದ ತಗೊಂಡು ಮುಂದಿನ ಮಳೆಗಾಲದಲ್ಲಿ ವಾಪಸ್ ಕೊಡೋದು ಅಂತ ಮಾಡ್ತು. ಮತ್ತೆ ಪಂಪ್‌ಸೆಟ್ಟಿನ 7 ಗಂಟೆ ತ್ರೀ ಫೇಸನ್ನ 5 ಗಂಟೆಗೆ ಇಳಿಸ್ತು, ರೈತರು ರೋಡಿಗಿಳಿದ ಮೇಲೆ ನವೆಂಬರ್‌ನಲ್ಲಿ ಮತ್ತೆ 7 ಗಂಟೆ ಅಂತ ಮುಖ್ಯಮಂತ್ರಿ ಘೋಷಿಸಿದ್ರು.

ಇದರಲ್ಲಿ ಬದಲಿ ಒಪ್ಪಂದ ಒಳ್ಳೆ ಕೆಲಸ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಪಂಜಾಬಿಗೆ ಭತ್ತದ ನಾಟಿ ಆಗೋ ಜೂನ್ ಜುಲೈಲಿ ಕರೆಂಟ್ ಬೇಕು, ನಮಗೆ ಫೆಬ್ರವರಿ ಮಾರ್ಚ್‌ನಲ್ಲಿ ಬೇಕು, ಇಬ್ಬರ ಹೊಟ್ಟೆ ಹಸಿಯೋ ಹೊತ್ತು ಬೇರೆ. ದುಡ್ಡೂ ಕೈ ಬದಲಾಗಬೇಕಿಲ್ಲ, 10 ರೂಪಾಯಿ ರೇಟಿನ ಗೊಡವೆನೂ ಇಲ್ಲ. ಆದ್ರೆ ವಾಪಸ್ ಕೊಡೋ ವರ್ಷವೂ ಮಳೆ ಕೈಕೊಟ್ಟಿದ್ರೆ ಏನು ಗತಿ ಆಗ್ತಿತ್ತು ಅಂತ ಯೋಚನೆ ಮಾಡ್ಬೇಕು. 2024ರ ಜುಲೈಲಿ ಕೆಆರ್‌ಎಸ್ ತುಂಬ್ತು, ಬಚಾವಾದ್ವಿ.

ಸೆಕ್ಷನ್ 11 ಬಗ್ಗೆ ಮಾತ್ರ ನನಗೆ ಸಂಕಟ ಇದೆ. ಆ ಅಕ್ಟೋಬರಲ್ಲಿ ನಾನು ಆ ಕುರ್ಚಿಲಿ ಕೂತಿದ್ರೂ ಬಹುಶಃ ಅದಕ್ಕೇ ಸಹಿ ಹಾಕ್ತಿದ್ದೆ, ಒಣಗ್ತಿರೋ ಕಬ್ಬಿನ ಮುಂದೆ ಮಾರುಕಟ್ಟೆ ಸಿದ್ಧಾಂತ ಹೇಳಕ್ಕಾಗಲ್ಲ. ಆದ್ರೆ ಅದರ ಬೆಲೆ ಆಮೇಲೆ ಕಟ್ಬೇಕಾಗತ್ತೆ. ಸಕ್ಕರೆ ಕಾರ್ಖಾನೆಗಳ ಕೋಜನ್ ಘಟಕಗಳನ್ನೇ ತಗೊಳ್ಳಿ, ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಮಾಡಿ ಸಕ್ಕರೆ ಬೆಲೆ ಬಿದ್ದ ವರ್ಷದಲ್ಲೂ ಕೈ ಹಿಡಿಯೋ ಆದಾಯ ಅದು. ರೇಟು ಚೆನ್ನಾಗಿರೋ ವರ್ಷ ಮಾರ್ಕೆಟ್‌ಗೆ ಹೋಗಂಗಿಲ್ಲ, ಸರ್ಕಾರ ಹೇಳಿದ ರೇಟಿಗೆ ಇಲ್ಲೇ ಕೊಡು ಅಂದ್ರೆ, ರೇಟು ಬಿದ್ದ ವರ್ಷ ಅವರ ಕೈ ಹಿಡಿಯೋರು ಯಾರು? ಅಲ್ಲಿ ಬರೋ ನಷ್ಟ ಕೊನೆಗೆ ಕಬ್ಬಿನ ಬಾಕಿ ರೂಪದಲ್ಲಿ ಅದೇ ರೈತನ ಮನೆ ಬಾಗಿಲಿಗೆ ಬರತ್ತೆ. ಜೊತೆಗೆ ಬರದ ವರ್ಷಕ್ಕೆ ಅಂತಲೇ ಒಂದು ಘಟಕ ಕಟ್ಟೋಣ, ಬ್ಯಾಟರಿ ಹಾಕೋಣ ಅಂತ ಯೋಚಿಸೋನು ಕರ್ನಾಟಕಕ್ಕೆ ಬರೋ ಮುಂಚೆ ಎರಡು ಸಲ ಯೋಚನೆ ಮಾಡ್ತಾನೆ, ಯಾಕಂದ್ರೆ ಒಳ್ಳೆ ರೇಟು ಬರೋ ನಾಲ್ಕು ತಿಂಗಳೇ ಅವನ ವ್ಯಾಪಾರ.

ಎಲ್ಲಿಂದ ಕೈ ಹಾಕ್ಬೇಕು

ಈಗ ದಿಲ್ಲಿಲಿ ಮುಂದಿನ ಹಂತದ ಮಾತು ನಡೀತಿದೆ. ಎಕ್ಸ್‌ಚೇಂಜುಗಳ ಬಿಡ್‌ಗಳನ್ನ ಸೇರಿಸಿ ಒಂದೇ ರೇಟು ತೆಗೆಯೋ ಮಾರ್ಕೆಟ್ ಕಪ್ಲಿಂಗ್‌ಗೆ ಕೇಂದ್ರ ಆಯೋಗ 2025ರ ಜುಲೈಲಿ ಹಸಿರು ನಿಶಾನೆ ಕೊಡ್ತು. ಒಂದೇ ಊರಲ್ಲಿ ಒಂದೇ ಲೈನ್ ಬಳಸಿ ಎರಡು ಕಂಪನಿ ಕರೆಂಟ್ ಮಾರಬಹುದು ಅನ್ನೋ ತಿದ್ದುಪಡಿ 2022ರ ಆಗಸ್ಟಲ್ಲಿ ಲೋಕಸಭೆಗೆ ಬಂದು ಸ್ಥಾಯಿ ಸಮಿತಿಗೆ ಹೋಗಿತ್ತು, ಆ ಯೋಚನೆ ಸತ್ತಿಲ್ಲ. ಅದು ಬಂದ್ರೆ ಮೈಸೂರಿನ ಜಯಲಕ್ಷ್ಮೀಪುರಂ ಬಡಾವಣೆಗೆ, ಹೂಟಗಳ್ಳಿ ಫ್ಯಾಕ್ಟರಿಗಳಿಗೆ ಹತ್ತು ಜನ ಕ್ಯೂ ನಿಲ್ತಾರೆ, ಕೆ.ಆರ್. ಪೇಟೆ ಪಂಪ್ ಫೀಡರ್‌ಗೆ ಯಾರು ಬರ್ತಾರೆ? ದುಡ್ಡು ಕೊಡೋ ಗ್ರಾಹಕ ಹೋಗಿ ಉಚಿತದವರು ಮಾತ್ರ ಸೆಸ್ಕ್‌ಗೆ ಉಳಿದ್ರೆ ಆ ಕಂಪನಿ ಎಷ್ಟು ದಿನ ನಡೆಯತ್ತೆ. ಅದಕ್ಕೇ ನಾನು ಹೇಳೋದು, ಪೈಪೋಟಿಗೆ ನನ್ನ ವಿರೋಧ ಇಲ್ಲ, ಆದ್ರೆ ಕ್ರಮ ತಪ್ಪಬಾರ್ದು.

ಮೊದಲು ಬರಬೇಕಾದ್ದು ಅಳತೆ. 2003ರಲ್ಲಿ ರಾಜ್ಯಗಳ ಗಡಿಲಿ 15 ನಿಮಿಷದ ಮೀಟರ್ ಹಾಕಿದ ಹಾಗೆ ಪ್ರತಿ ಪಂಪ್‌ಸೆಟ್ ಟಿಸಿಗೂ ಅಂಥ ಮೀಟರ್ ಬರಲಿ, ಪಂಪಿನ ಮೇಲೆ ಬೇಡ. ಪಂಪಿಗೆ ಮೀಟರ್ ಅಂದ್ರೆ ನಾಳೆ ಬಿಲ್ ಬರತ್ತೆ ಅನ್ನೋ ಭಯ ರೈತನಿಗೆ ಇದೆ, ಆ ಭಯ ನ್ಯಾಯವಾದದ್ದು, ಸಾಲದಲ್ಲಿರೋನಿಗೆ ಯಾವ ಭರವಸೆನೂ ಸಾಕಾಗಲ್ಲ. ಟಿಸಿ ಮೀಟರಿಂದ ಯಾರಿಗೂ ಬಿಲ್ ಬರಲ್ಲ, ಸರ್ಕಾರ ಎಷ್ಟು ಕೊಡ್ಬೇಕು ಅನ್ನೋದು ಮಾತ್ರ ಪಕ್ಕಾ ಆಗತ್ತೆ. ಸಬ್ಸಿಡಿ ದುಡ್ಡನ್ನ ಮುಂಗಡವಾಗಿ ಕೊಡ್ಬೇಕು ಅಂತ ಕಾಯ್ದೆಯ ಸೆಕ್ಷನ್ 65 ಈಗಾಗ್ಲೇ ಹೇಳತ್ತೆ, ಆ ಪಕ್ಕಾ ಲೆಕ್ಕದ ಮೇಲೆ ಅದನ್ನ ಪಾಲಿಸಿದ್ರೆ ಎಸ್ಕಾಂ ಉತ್ಪಾದಕರಿಗೆ ಬಾಕಿ ಉಳಿಸೋ ಪ್ರಮೇಯ ಅರ್ಧ ಹೋಗತ್ತೆ.

ಎರಡನೇದು ಪಂಪಿನ ಕರೆಂಟನ್ನ ಹಗಲಿಗೆ ತರೋದು. ಪಂಪುಗಳಿಗೆ ಸೋಲಾರ್ ಕರೆಂಟ್ ಕೊಡೋ ಕೇಂದ್ರದ ಕುಸುಮ್ ಯೋಜನೆಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಅದೇ ಫೀಡರ್‌ಗೆ ಕೊಡೋ ದಾರಿ ಇದೆ, ಅದು ಆದಷ್ಟೂ ಎಸ್ಕಾಂ ಸಂಜೆ ಹೊತ್ತಿನ ಮಾರ್ಕೆಟ್‌ಗೆ ಹೋಗೋದು ಕಮ್ಮಿ ಆಗತ್ತೆ. ಮಂಡ್ಯಕ್ಕೆ ಒಂದು ತೊಡಕು ಇದೆ, ಇಲ್ಲಿ ನೀರಾವರಿ ಜಮೀನು ದುಬಾರಿ, ಪಾವಗಡದ ಥರ ಬೀಳು ನೆಲ ಸಿಗಲ್ಲ. ನಾಗಮಂಗಲದ ಕಡೆ ಸಿಗತ್ತೆ, ಅಲ್ಲಿಂದ ಶುರು ಮಾಡ್ಬಹುದು.

ಮೂರನೇದು ಸೆಸ್ಕ್‌ಗೆ ತನ್ನದೇ ಖರೀದಿ ಟೇಬಲ್. ಪೂರ್ತಿ ಅಲ್ಲ, ತನ್ನ ಬೇಡಿಕೆಯ ಒಂದು ಸಣ್ಣ ಪಾಲು ಮಾತ್ರ, ಲಾಭ ನಷ್ಟ ಎರಡೂ ಅದರ ಲೆಕ್ಕಕ್ಕೇ ಬರೋ ಹಾಗೆ. ನಾಲೆಗೆ ಯಾವತ್ತು ನೀರು ಬಿಡ್ತಾರೆ, ಯಾವತ್ತು ನಿಲ್ಲಿಸ್ತಾರೆ ಅನ್ನೋ ಕಾವೇರಿ ನೀರಾವರಿ ನಿಗಮದ ಶೆಡ್ಯೂಲ್ ಆ ಟೇಬಲ್‌ಗೆ ಪ್ರತಿ ವಾರ ಹೋಗ್ಬೇಕು, ಯಾಕಂದ್ರೆ ಮದ್ದೂರು ಮಳವಳ್ಳಿಯ ಮೋಟಾರ್ ಲೋಡ್ ಅದರ ಮೇಲೇ ನಿಂತಿದೆ. ಎರಡೂ ಸರ್ಕಾರದ್ದೇ ಕಚೇರಿ, ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ, ಕೇಂದ್ರದ ಅನುದಾನನೂ ಬೇಕಾಗಿಲ್ಲ, ಒಂದು ಪತ್ರ ಸಾಕು, ಮುಂದಿನ ಬೆಳೆಗೆ ನಾಲೆ ನೀರಿನ ವೇಳಾಪಟ್ಟಿ ಹೊರಡೋ ದಿನವೇ ಅದರ ಒಂದು ಪ್ರತಿ ಅಲ್ಲಿಗೂ ಹೋಗ್ಲಿ.